ಒಂದೇ ಪಾತ್ರೆಯಲ್ಲಿ ಪಾಲುಗಾರರು

ಓದತಕ್ಕ ವೇದಭಾಗ: 1 ಕೊರಿಂಥ 10:16-17, 11:17-34



ಅಪೊಸ್ತಲನಾದ ಪೌಲನು ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ ಅನೇಕ ತಪ್ಪುಗಳನ್ನು ಎತ್ತಿ ತೋರಿಸುತ್ತಾನೆ. ಅಲ್ಲಿ ಪಕ್ಷಭೇದಗಳಿದ್ದವು, ವ್ಯಾಜ್ಯಗಳಿದ್ದವು, ನಡತೆಯ ಕೇಡುಗಳಿದ್ದವು. ಆದರೆ ಕರ್ತನ ಭೋಜನದ ಸಂಗತಿಗೆ ಬಂದಾಗ ಅವನ ಮಾತು ಬಹಳ ತೀಕ್ಷ್ಣವಾಗುತ್ತದೆ. ನೀವು ಕೂಡಿಬರುವದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚೆಂದೂ ನೀವು ಮಾಡುತ್ತಿರುವದು ಕರ್ತನ ಭೋಜನವೇ ಅಲ್ಲವೆಂದೂ ಅವನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತಾನೆ.

ಅವರು ಮಾಡಿದ ತಪ್ಪೇನು? ಅವರು ಬೇರೆ ದೇವರನ್ನು ಪೂಜಿಸಿದರೋ? ರೊಟ್ಟಿಯ ಮೇಲೆ ಸ್ತೋತ್ರ ಹೇಳುವದನ್ನು ಬಿಟ್ಟರೋ? ಅದೇನೂ ಅಲ್ಲ. ಆ ಕಾಲದಲ್ಲಿ ಭಕ್ತರು ಒಬ್ಬನ ಮನೆಯಲ್ಲಿ ಕೂಡಿ ಊಟಮಾಡಿ, ಆ ಊಟದೊಂದಿಗೇ ಕರ್ತನ ಮರಣವನ್ನು ಸ್ಮರಿಸುತ್ತಿದ್ದರು. ಅನುಕೂಲಸ್ಥರು ಮುಂಚಿತವಾಗಿ ಬಂದು ತಾವು ತಂದದ್ದನ್ನು ತಾವೇ ತಿಂದು ಕುಡಿದು ತೃಪ್ತರಾಗುತ್ತಿದ್ದರು. ಏನೂ ಇಲ್ಲದ ಬಡವರು ಹಸಿದೇ ಕುಳಿತುಕೊಳ್ಳಬೇಕಾಗುತ್ತಿತ್ತು. ಒಬ್ಬನಿಗೆ ಹಸಿವು, ಮತ್ತೊಬ್ಬನಿಗೆ ಅಮಲು. ಏನೂ ಇಲ್ಲದವರು ಎಲ್ಲರ ಎದುರಿಗೆ ನಾಚಿಕೆಪಡಬೇಕಾಯಿತು. ಇದನ್ನು ಕೇಳಿದ ಪೌಲನು, ದೇವರ ಸಭೆಯನ್ನೇ ತಿರಸ್ಕಾರಮಾಡುತ್ತೀರೋ ಎಂದು ಅವರನ್ನು ಗದರಿಸಿದನು. ಅವನು ಕೊಟ್ಟ ಔಷಧವು ಬಹಳ ಸುಲಭವಾಗಿ ಕಾಣುತ್ತದೆ. ಊಟಕ್ಕೆ ಕೂಡಿಬಂದಾಗ ಒಬ್ಬರಿಗಾಗಿ ಒಬ್ಬರು ಕಾದುಕೊಳ್ಳಬೇಕೆಂಬದೇ.

ಹಾಗಾದರೆ ಮೇಜಿನ ಬಳಿಯಲ್ಲಿ ನಮ್ಮ ಪಕ್ಕದಲ್ಲಿ ಯಾರು ನಿಂತಿದ್ದಾರೆಂಬದು ಬರೀ ಮರ್ಯಾದೆಯ ಪ್ರಶ್ನೆಯಲ್ಲ, ನಂಬಿಕೆಯ ಪ್ರಶ್ನೆಯೇ ಆಗಿದೆ. ರೊಟ್ಟಿ ಒಂದೇ ಆಗಿರುವದರಿಂದ ಅನೇಕರಾದ ನಾವು ಒಂದೇ ದೇಹವೆಂದು ಅಪೊಸ್ತಲನು ಹತ್ತನೆಯ ಅಧ್ಯಾಯದಲ್ಲಿ ಕಲಿಸಿದ್ದಾನೆ. ಪಕ್ಕದವನನ್ನು ದೂರಮಾಡುವವನು ಆ ದೇಹವನ್ನೇ ವಿವೇಚಿಸದವನಾಗುತ್ತಾನೆ.

ಈ ಬೋಧನೆಯನ್ನು ನಾವು ಪರೀಕ್ಷೆಯ ಪಾಠದಂತೆ ಬಾಯಿಪಾಠವಾಗಿ ಬಲ್ಲೆವು. ಆದರೂ ಬಲ್ಲದ್ದನ್ನು ನಡಿಸುವದು ಬೇರೆ. ಆದಕಾರಣ ದೂರದೇಶದ ಒಂದು ಚಿಕ್ಕ ಸಭೆಯ ವೃತ್ತಾಂತವನ್ನೂ, ನಮ್ಮ ಕಡೆಯ ಒಂದು ಕುಟುಂಬವು ಅಲ್ಲಿ ಕಳೆದ ಮೊದಲ ದಿವಸಗಳನ್ನೂ ಇಲ್ಲಿ ವಿವರಿಸುತ್ತೇನೆ.

1. ಪರದೇಶಿಗಳು ಮೇಜಿನ ಬಳಿಗೆ ಬಂದದ್ದು

ಯೂರೋಪಿನ ಮಧ್ಯದಲ್ಲಿ ಚೆಕ್ ದೇಶವೆಂಬ ಚಿಕ್ಕ ದೇಶವೊಂದಿದೆ. ಅದಕ್ಕೆ ಸಮುದ್ರತೀರವಿಲ್ಲ. ಅದರ ಪಶ್ಚಿಮ ಭಾಗಕ್ಕೆ ಬೊಹೇಮಿಯವೆಂದೂ ಪೂರ್ವ ಭಾಗಕ್ಕೆ ಮೊರಾವಿಯವೆಂದೂ ಹೆಸರು. ಇವೆರಡರ ನಡುವೆ ವಿಸೊಚಿನ ಎಂಬ ಗುಡ್ಡಸೀಮೆಯುಂಟು. ಅಲ್ಲಿನ ನೆಲವು ಕಲ್ಲುನೆಲ, ಚಳಿ ಹೆಚ್ಚು, ಆಲೂಗಡ್ಡೆಯ ಬೆಳೆಗೆ ಹೆಸರಾದ ಸೀಮೆ.

ನಮ್ಮ ಕಡೆಯ ಒಬ್ಬ ಸಹೋದರನು ಉದ್ಯೋಗದ ನಿಮಿತ್ತ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಮೊರಾವಿಯದ ಬರ್ನೊ ಪಟ್ಟಣಕ್ಕೆ ಹೋದನು. ಕೆಲವು ವಾರಗಳಾದ ಮೇಲೆ, ಅಕ್ಟೋಬರ ತಿಂಗಳ ಮೊದಲಲ್ಲಿ, ಅವನ ಜೊತೆಗೆ ಕೆಲಸಮಾಡುವ ಒಬ್ಬ ಯೌವನಸ್ಥನು ಅವರನ್ನು ಆ ಗುಡ್ಡಸೀಮೆಯ ತನ್ನ ಹಳ್ಳಿಗೆ ಕರೆದನು. ಅಲ್ಲಿ ಅವನ ತಂದೆತಾಯಿಗಳು ಇದ್ದಾರೆ. ತಂದೆಯು ಸುವಾರ್ತಾ ಸಭೆಯ ಹಿರಿಯರಲ್ಲಿ ಒಬ್ಬನು. ಆ ಕುಟುಂಬದವರು ರಜೆಯಲ್ಲಿ ಊರಿಗೆ ಬಂದಿದ್ದಾಗ ನನಗೆ ಹೇಳಿದ್ದನ್ನು ಅವರ ಒಪ್ಪಿಗೆಯಿಂದಲೇ ಬರೆಯುತ್ತೇನೆ. ಹೆಸರುಗಳನ್ನು ಮಾತ್ರ ಬರೆಯುವದಿಲ್ಲ.

ಶುಕ್ರವಾರ ಸಾಯಂಕಾಲ ಅವರು ಆ ಮನೆಯನ್ನು ಮುಟ್ಟಿದರು. ಬಿಳಿಯರ ಮನೆಯೊಳಗೆ ಹೇಗೆ ನಡೆದುಕೊಳ್ಳಬೇಕೋ ಎಂದು ಸಹೋದರಿಗೆ ದಾರಿಯುದ್ದಕ್ಕೂ ಚಿಂತೆಯಿತ್ತಂತೆ. ಬಾಗಿಲ ಬಳಿಯಲ್ಲಿ ನೋಡಿದರೆ, ಮನೆಯವರೆಲ್ಲರೂ ಜೋಡುಗಳನ್ನು ಬಿಚ್ಚಿ ಒಂದು ಕಡೆ ಸಾಲಾಗಿ ಇಟ್ಟು ಒಳಗೆ ಹೋಗುತ್ತಿದ್ದರು. ಆ ದೇಶದಲ್ಲಿ ಅದೇ ರೂಢಿಯಾಗಿದೆ. ಬೀದಿಯ ಜೋಡುಗಳನ್ನು ಹೊಸ್ತಿಲಲ್ಲಿಯೇ ಬಿಟ್ಟು, ಮನೆಯೊಳಗೆ ಮೆಟ್ಟುವ ಮೆತ್ತನೆಯ ಜೋಡುಗಳನ್ನು ಅತಿಥಿಗಳಿಗೂ ಕೊಡುತ್ತಾರೆ. ಇದನ್ನು ಕಂಡ ಕೂಡಲೆ ಆಕೆಯ ಅರ್ಧ ಭಯವು ಹೋಯಿತು. ಆಲೂಗಡ್ಡೆಯ ಬಿಸಿ ಸಾರನ್ನೂ ಗಸಗಸೆಯ ಹೂರಣವಿಟ್ಟು ಸುಟ್ಟ ಸಿಹಿರೊಟ್ಟಿಯನ್ನೂ ಬಡಿಸಿದಾಗ ಮಕ್ಕಳ ಭಯವೂ ಹೋಯಿತು. ಊಟಕ್ಕೆ ಮೊದಲು ಮುದುಕನು ಪ್ರಾರ್ಥಿಸಿದನು. ಆ ಭಾಷೆಯಲ್ಲಿ ಅವರಿಗೆ ತಿಳಿದದ್ದು ಯೇಸುವಿನ ಹೆಸರೂ ಆಮೆನ್ ಎಂಬ ಮಾತೂ ಮಾತ್ರ.

ಶನಿವಾರದಲ್ಲಿ ದೇವಾಲಯವನ್ನು ಸಿದ್ಧಮಾಡುವ ಕೆಲಸವಿತ್ತು. ಮಾರನೆಯ ದಿವಸ ಬೆಳೆಗಾಗಿ ದೇವರಿಗೆ ಸ್ತೋತ್ರ ಸಲ್ಲಿಸುವ ಆದಿತ್ಯವಾರ. ನಮ್ಮ ಸಭೆಗಳಲ್ಲಿ ಸುಗ್ಗಿಯ ಹಬ್ಬವನ್ನು ಮಾಡುವ ಹಾಗೆಯೇ ಅಲ್ಲಿಯೂ ಮಾಡುತ್ತಾರೆ. ಮಕ್ಕಳು ಆಲೂಗಡ್ಡೆ, ಸೇಬು, ಕುಂಬಳಕಾಯಿಗಳನ್ನು ಬುಟ್ಟಿಗಳಲ್ಲಿ ಹೊತ್ತು ತಂದು ಮೇಜಿನ ಮುಂದೆ ಇಟ್ಟರು. ನಮ್ಮ ಮಕ್ಕಳು ಭಾಷೆ ಬಾರದಿದ್ದರೂ ಅವರೊಂದಿಗೆ ಬುಟ್ಟಿ ಹಿಡಿದರು. ದೇವಾಲಯಕ್ಕೆ ಗೋಪುರವಿರಲಿಲ್ಲ. ಅದು ಕಣಜದಂತೆ ಉದ್ದವಾಗಿಯೂ ಸಾದಾ ಆಗಿಯೂ ಇತ್ತು. ಹೆಬ್ಬಾಗಿಲು ಬೀದಿಯ ಕಡೆಗೆ ಇರದೆ ಪಕ್ಕದಲ್ಲಿತ್ತು. ಒಳಗಿನ ಗೋಡೆಯ ಮೇಲೆ ಚಿತ್ರಗಳಿಲ್ಲ. ತೆರೆದ ಸತ್ಯವೇದದ ಮೇಲೆ ಒಂದು ಪಾತ್ರೆಯ ಗುರುತು ಮಾತ್ರವಿತ್ತು. ಹೊರಗೆ ಸಮಾಧಿಗಳ ಕಲ್ಲುಗಳ ಮೇಲೆಯೂ ಅದೇ ಪಾತ್ರೆ. ಇದು ಯಾಕೆಂದು ಸಹೋದರನು ಕೇಳಿದಾಗ, "ನಮ್ಮ ಪಿತೃಗಳು ಇದಕ್ಕಾಗಿ ಸತ್ತರು" ಎಂದು ಮುದುಕನು ಹೇಳಿದ್ದನ್ನು ಮಗನು ತಿಳಿಯಪಡಿಸಿದನು.

ಮಾರನೆಯ ದಿವಸ ಕರ್ತನ ಭೋಜನವೂ ಉಂಟೆಂದು ಕೇಳಿದಾಗ ಸಹೋದರಿಯ ಮುಖವು ಬಾಡಿತು. ಅದರ ಕಾರಣವನ್ನು ನಾನು ಹೇಳಲೇಬೇಕು. ಆಕೆ ಹುಟ್ಟಿ ಬೆಳೆದ ಊರಿನ ಸಭೆಯಲ್ಲಿ ಎರಡು ಕೇರಿಗಳಿಂದ ಬಂದ ವಿಶ್ವಾಸಿಗಳಿದ್ದರು. ಮೇಲಿನ ಕೇರಿಯವರು ಬೆಂಚುಗಳ ಮೇಲೆ, ಕೆಳಗಿನ ಕೇರಿಯವರು ಬಾಗಿಲ ಹತ್ತಿರ ಚಾಪೆಯ ಮೇಲೆ. ಹೀಗೆಂದು ಯಾವ ಪುಸ್ತಕದಲ್ಲಿಯೂ ಬರೆದಿರಲಿಲ್ಲ, ಆದರೆ ಎಲ್ಲರಿಗೂ ತಿಳಿದಿತ್ತು. ಭೋಜನದ ಪಾತ್ರೆಯು ಮೊದಲು ಬೆಂಚುಗಳವರಿಗೆ ಹೋಗಿ ಕಡೆಯಲ್ಲಿ ಚಾಪೆಯವರಿಗೆ ಬರುತ್ತಿತ್ತು. ಒಂದಾವರ್ತಿ ಆಕೆಯ ತಾಯಿ ತಿಳಿಯದೆ ಮುಂದೆ ಬಂದು ಕುಡಿದಳು. ಆ ದಿವಸ ಮೇಲಿನ ಕೇರಿಯ ಒಂದು ಮನೆತನದವರೆಲ್ಲರೂ ಭೋಜನವನ್ನು ತೆಗೆದುಕೊಳ್ಳದೆ ಎದ್ದು ಹೋದರು. ಯಾರೂ ಏನೂ ಅನ್ನಲಿಲ್ಲ. ಆ ತಾಯಿ ಮಾತ್ರ ಅಂದಿನಿಂದ ಸಾಯುವ ತನಕ ಮೇಜಿನ ಬಳಿಗೆ ಬರಲಿಲ್ಲ. ಮಗಳು ಆಗ ಒಂಭತ್ತು ವರುಷದವಳು.

ಆದಿತ್ಯವಾರ ಬೆಳಿಗ್ಗೆ ಸುಮಾರು ಮೂವತ್ತು ಮಂದಿ ಕೂಡಿದರು. ಅವರಲ್ಲಿ ಹೆಚ್ಚಿನವರು ಮುದುಕರು. ಕಪ್ಪು ನಿಲುವಂಗಿಯನ್ನು ಧರಿಸಿದ ಒಬ್ಬ ಸ್ತ್ರೀಯು ಸಭಾಪಾಲಕಿಯಾಗಿದ್ದಳು. 1953ರಿಂದ ಆ ಸಭೆಯಲ್ಲಿ ಸ್ತ್ರೀಯರಿಗೂ ಆ ಸೇವೆಯ ಅಭಿಷೇಕ ಸಲ್ಲುತ್ತದೆ. ಹಾಡತಕ್ಕ ಕೀರ್ತನೆಗಳ ಅಂಕೆಗಳನ್ನು ಹಲಗೆಯ ಮೇಲೆ ಹಾಕಿದ್ದರು. ಅವರು ಒಬ್ಬರನ್ನೊಬ್ಬರು ಕರೆಯುವಾಗ ಸಹೋದರನೇ, ಸಹೋದರಿಯೇ ಎಂದೇ ಕರೆಯುತ್ತಾರೆ. ಪಾಲಕಿಯು ಅತಿಥಿಗಳ ವಿಷಯವನ್ನು ತಿಳಿಸಿ, ದೀಕ್ಷಾಸ್ನಾನ ಹೊಂದಿದವರಾದ ಕಾರಣ ಅವರೂ ಮೇಜಿಗೆ ಬರಬೇಕೆಂದು ಕರೆದಳು.

ಅಲ್ಲಿ ಭೋಜನದವರು ಮೇಜಿನ ಸುತ್ತಲೂ ವರ್ತುಲವಾಗಿ ನಿಲ್ಲುತ್ತಾರೆ. ಎಲ್ಲರೂ ಏಳುತ್ತಿರುವಾಗ ಸಹೋದರಿಯು ಗಂಡನ ಕಡೆಗೆ ಬಾಗಿ, "ಏನಂದರೆ, ನಾವು ಕಡೆಯಲ್ಲಿ ನಿಲ್ಲೋಣವೇ?" ಎಂದು ಮೆಲ್ಲಗೆ ಕೇಳಿದಳು. ಅವನು ಸ್ನೇಹಿತನನ್ನು ಕೇಳಿದನು. ಆ ಯೌವನಸ್ಥನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಕಡೆ ಯಾವದು? ನಾವು ಸುತ್ತಲೂ ನಿಲ್ಲುತ್ತೇವಲ್ಲಾ" ಎಂದನು. ಅಷ್ಟರಲ್ಲಿ ಮುದುಕಿಯು ಬಂದು ಆಕೆಯ ಕೈ ಹಿಡಿದು ಕರೆದುಕೊಂಡು ಹೋಗಿ ತನ್ನ ಗಂಡನ ಎಡಪಕ್ಕದಲ್ಲಿ ನಿಲ್ಲಿಸಿದಳು. ರೊಟ್ಟಿಯು ಕೈಯಿಂದ ಕೈಗೆ ಬಂತು. ಅದರ ಹಿಂದೆ ಪಾತ್ರೆಯು ಬಂತು. ಆಕೆ ಕುಡಿದು, ನಡುಗುವ ಕೈಯಿಂದ ಮುದುಕನಿಗೆ ಕೊಟ್ಟಳು. ಅವನು ಅದನ್ನು ತೆಗೆದುಕೊಂಡು ಕುಡಿದು ಮುಂದಿನವನಿಗೆ ಕೊಟ್ಟನು. ಆಮೇಲೆ ಎಲ್ಲರೂ ಸಮಾಧಾನ ಹೇಳುತ್ತಾ ಪಕ್ಕದವರ ಕೈ ಹಿಡಿದರು.

ನಡೆದದ್ದು ಇಷ್ಟೇ. ಇದರಲ್ಲಿ ಅದ್ಭುತವೇನೂ ಇಲ್ಲ. ಆದರೆ ಆ ಸಹೋದರಿ ನನಗೆ ಹೇಳಿದ್ದು ಇದು: "ಅಯ್ಯನವರೇ, ಆ ಮುದುಕನು ನನ್ನ ಕೈಯಿಂದ ತೆಗೆದುಕೊಂಡನು. ನನ್ನ ಅವ್ವ ಅಲ್ಲಿ ಇರಬೇಕಾಗಿತ್ತು."

2. ಆ ಪಾತ್ರೆಯ ಚರಿತ್ರೆ

ಪಿತೃಗಳು ಪಾತ್ರೆಗಾಗಿ ಸತ್ತರೆಂದು ಮುದುಕನು ಹೇಳಿದ್ದು ಬರೀ ಮಾತಲ್ಲ. ಆರು ನೂರು ವರುಷಗಳ ಹಿಂದೆ ಪಶ್ಚಿಮ ಯೂರೋಪಿನ ಸಭೆಯಲ್ಲಿ ಸಾಮಾನ್ಯ ಜನರಿಗೆ ರೊಟ್ಟಿಯನ್ನು ಮಾತ್ರ ಕೊಡುತ್ತಿದ್ದರು. ಪಾತ್ರೆಯಿಂದ ಯಾಜಕನೊಬ್ಬನೇ ಕುಡಿಯುತ್ತಿದ್ದನು. ಮೇಜು ಒಂದೇ ಆಗಿದ್ದರೂ ಮನುಷ್ಯರು ಎರಡು ತರದವರಾಗಿದ್ದರು.

ಆ ಕಾಲದಲ್ಲಿ ಪ್ರಾಗ್ ಪಟ್ಟಣದಲ್ಲಿ ಬೇತ್ಲೆಹೇಮ್ ಎಂಬ ಪ್ರಾರ್ಥನಾಲಯವಿತ್ತು. ಜನರ ಸ್ವಂತ ಭಾಷೆಯಲ್ಲಿ ಪ್ರಸಂಗ ಮಾಡುವದಕ್ಕಾಗಿಯೇ 1391ರಲ್ಲಿ ಅದನ್ನು ಸ್ಥಾಪಿಸಿದ್ದರು. 1402ರಿಂದ ಅಲ್ಲಿ ಯಾನ್ ಹುಸ್ ಎಂಬ ದೈವಭಕ್ತನು ಚೆಕ್ ಭಾಷೆಯಲ್ಲಿ ದೇವರ ವಾಕ್ಯವನ್ನು ಸಾರಿದನು. ಸಭಾಧಿಕಾರಿಗಳ ದುರಾಶೆಯನ್ನು ಅವನು ಖಂಡಿಸಿದ್ದರಿಂದ ಕೊನ್‌ಸ್ಟಾನ್ಸ್ ಪಟ್ಟಣದ ಮಹಾಸಭೆಗೆ ಅವನನ್ನು ಕರಿಸಿದರು. ಅವನು ಅಲ್ಲಿ ಸೆರೆಯಲ್ಲಿರುವಾಗ ಇತ್ತ ಪ್ರಾಗಿನಲ್ಲಿ ಅವನ ಸ್ನೇಹಿತನಾದ ಯಾಕೂಬೆಕ್ ಮುಂತಾದವರು 1414ರಿಂದ ಪಾತ್ರೆಯನ್ನು ಎಲ್ಲಾ ಜನರಿಗೂ ಕೊಡಲಾರಂಭಿಸಿದ್ದರು. ಹುಸನು ಸೆರೆಯಿಂದ ಬರೆದ ಕಾಗದಗಳಲ್ಲಿ ಇದನ್ನು ಒಪ್ಪಿಕೊಂಡನು. 1415ನೆಯ ಜೂನ್ 15ರಲ್ಲಿ ಆ ಮಹಾಸಭೆಯು ಪಾತ್ರೆಯನ್ನು ಜನರಿಗೆ ಕೊಡಬಾರದೆಂದು ನಿಷೇಧಿಸಿತು. ಜುಲೈ 6ರಲ್ಲಿ ಹುಸನನ್ನು ಕಂಬಕ್ಕೆ ಕಟ್ಟಿ ಸುಟ್ಟರು. ಈ ಕ್ರೂರ ಮರಣಕ್ಕಾಗಿ 1999ರಲ್ಲಿ ರೋಮಿನ ಪೋಪರಾದ ಎರಡನೆಯ ಯೋಹಾನ ಪೌಲರು ಆಳವಾದ ದುಃಖವನ್ನು ವ್ಯಕ್ತಪಡಿಸಿದರೆಂಬದನ್ನೂ ನಾವು ಸಂತೋಷದಿಂದ ನೆನಸಬೇಕು.

ಹುಸನ ಜನರು ಸುಮ್ಮನಿರಲಿಲ್ಲ. 1420ರಲ್ಲಿ ಅವರು ನಾಲ್ಕು ವಿಷಯಗಳನ್ನು ಕೇಳಿದರು: ವಾಕ್ಯವನ್ನು ಸ್ವತಂತ್ರವಾಗಿ ಸಾರಬೇಕು, ಪಾತ್ರೆಯನ್ನು ಎಲ್ಲಾ ವಿಶ್ವಾಸಿಗಳಿಗೆ ಕೊಡಬೇಕು, ಬೋಧಕರು ಲೋಕದ ಐಶ್ವರ್ಯಾಧಿಕಾರಗಳನ್ನು ಬಿಡಬೇಕು, ಬಹಿರಂಗವಾದ ಪಾಪಗಳಿಗೆ ಯಾವ ಅಂತಸ್ತಿನವರಿಗಾದರೂ ಶಿಕ್ಷೆಯಾಗಬೇಕು. ಆದರೆ ಇಲ್ಲಿ ಎಚ್ಚರಿಕೆಯ ಮಾತೊಂದುಂಟು. ಅವರು ಪಾತ್ರೆಯನ್ನು ತಮ್ಮ ಧ್ವಜಗಳ ಮೇಲೆ ಬರೆದುಕೊಂಡು ಯುದ್ಧಕ್ಕೆ ಹೋದರು. ಮೊದಲು ವೈರಿಗಳ ಸಂಗಡ ಕಾದಾಡಿದರು. ಕಡೆಗೆ 1434ರಲ್ಲಿ ಲಿಪಾನಿ ಎಂಬ ಸ್ಥಳದಲ್ಲಿ ಪಾತ್ರೆಯವರು ಪಾತ್ರೆಯವರನ್ನೇ ಕೊಂದರು. ಸಮಾಧಾನದ ಗುರುತು ರಕ್ತದ ಗುರುತಾಯಿತು. ಪೇತ್ರ ಖೆಲ್ಚಿಟ್ಸ್ಕಿ ಎಂಬ ಹಳ್ಳಿಗನು ಮಾತ್ರ, ಕ್ರಿಸ್ತನ ಶಿಷ್ಯನಿಗೆ ಕತ್ತಿಯು ಸಲ್ಲದೆಂದು ಬರೆದನು. ಅವನ ಬೋಧನೆಯನ್ನು ಹಿಡಿದ ಬಡಜನರು 1457ರಲ್ಲಿ ಕುನ್‌ವಾಲ್ಡ್ ಎಂಬ ಹಳ್ಳಿಯಲ್ಲಿ ಸಹೋದರರ ಐಕ್ಯವೆಂಬ ಸಭೆಯನ್ನು ಸ್ಥಾಪಿಸಿದರು.

ಈ ಚರಿತ್ರೆಯಲ್ಲಿ ಬಾಸೆಲ್ ಪಟ್ಟಣದ ಹೆಸರೂ ಬರುತ್ತದೆ. ಆ ಪಟ್ಟಣದಲ್ಲಿ ಕೂಡಿದ ಮಹಾಸಭೆಯು ಚೆಕ್ಕರ ಸಂಗಡ ಮಾತುಕತೆಯಾಡಿ ಪಾತ್ರೆಯನ್ನು ಅವರಿಗೆ ಬಿಟ್ಟುಕೊಟ್ಟಿತು. ಆ ಒಡಂಬಡಿಕೆಯನ್ನು 1436ರಲ್ಲಿ ಅದೇ ಗುಡ್ಡಸೀಮೆಯ ಯಿಹ್ಲವ ಪಟ್ಟಣದಲ್ಲಿ ಪ್ರಕಟಿಸಿದರು. ಮುಂದೆ ನಾಲ್ಕು ನೂರು ವರುಷಗಳಾದ ಬಳಿಕ, 1834ರಲ್ಲಿ, ಅದೇ ಬಾಸೆಲಿನಿಂದ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಿಶನರಿಗಳು ಮಂಗಳೂರಿಗೆ ಬಂದರು. ನಮ್ಮ ಎಷ್ಟೋ ಸಭೆಗಳಿಗೆ ಬೇರು ಅಲ್ಲಿಂದಲೇ.

ಸಹೋದರರ ಐಕ್ಯದವರು ಜನರ ಭಾಷೆಯಲ್ಲಿ ಸತ್ಯವೇದವನ್ನು ಭಾಷಾಂತರಿಸಿ, ಮೊರಾವಿಯದ ಕ್ರಾಲಿತ್ಸೆ ಎಂಬಲ್ಲಿ ಗುಪ್ತವಾದ ಮುದ್ರಣಾಲಯದಲ್ಲಿ 1579ರಿಂದ ಆರು ಸಂಪುಟಗಳಾಗಿ ಅಚ್ಚುಹಾಕಿಸಿದರು. ಆದರೆ 1620ನೆಯ ನವೆಂಬರ 8ರಲ್ಲಿ ಪ್ರಾಗಿನ ಹತ್ತಿರ ಬಿಳೀಗುಡ್ಡದ ಕಾಳಗದಲ್ಲಿ ಆ ಪಕ್ಷವು ಸೋತುಹೋಯಿತು. ಮಾರನೆಯ ವರುಷ 27 ಮಂದಿ ಮುಖ್ಯಸ್ಥರನ್ನು ಪಟ್ಟಣದ ಚೌಕದಲ್ಲಿ ಕೊಂದರು. ಆ ಚೌಕದ ದೇವಾಲಯದ ಮುಂಭಾಗದಲ್ಲಿದ್ದ ದೊಡ್ಡ ಬಂಗಾರದ ಪಾತ್ರೆಯನ್ನು ಇಳಿಸಿಬಿಟ್ಟರು. ಬೊಹೇಮಿಯದಲ್ಲಿ 1627ರಲ್ಲಿಯೂ ಮೊರಾವಿಯದಲ್ಲಿ 1628ರಲ್ಲಿಯೂ ಹೊರಟ ಶಾಸನದ ಪ್ರಕಾರ ರಾಜನ ಮತಕ್ಕೆ ಸೇರದವರಿಗೆ ಆ ದೇಶದಲ್ಲಿ ಸ್ಥಳವಿಲ್ಲದೆ ಹೋಯಿತು. ಅನೇಕರು ದೇಶಭ್ರಷ್ಟರಾದರು. ವಿದ್ಯಾಭ್ಯಾಸದ ವಿಷಯದಲ್ಲಿ ಲೋಕಪ್ರಸಿದ್ಧನಾದ ಕೊಮೇನಿಯಸನು 1628ರಲ್ಲಿ ದೇಶ ಬಿಟ್ಟು ಅಲೆದಾಡಿ 1670ರಲ್ಲಿ ಆಮ್ಸ್ಟರ್ಡಾಮಿನಲ್ಲಿ ತೀರಿಹೋದನು.

ಹೋಗಲಾರದ ರೈತರು ಏನು ಮಾಡಿದರು? ಹೊರಗೆ ರಾಜನ ಮತವನ್ನು ಅನುಸರಿಸುವವರಂತೆ ಇದ್ದು, ರಾತ್ರಿಯಲ್ಲಿ ಬಾಗಿಲು ಹಾಕಿಕೊಂಡು ಸತ್ಯವೇದವನ್ನು ಓದಿದರು. ಪುಸ್ತಕಗಳನ್ನು ಗೋಡೆಗಳಲ್ಲಿ, ಅಟ್ಟಗಳಲ್ಲಿ ಹೂತಿಟ್ಟರು. ಹುಡುಕುವವರು ಬಂದಾಗ ಒಬ್ಬ ತಾಯಿಯು ವೇದಪುಸ್ತಕವನ್ನು ಹಿಟ್ಟಿನಲ್ಲಿ ಮುಚ್ಚಿ ರೊಟ್ಟಿಯ ಒಲೆಯೊಳಗೆ ಇಟ್ಟಳೆಂಬ ಕಥೆಯನ್ನು ಇಂದಿಗೂ ಹೇಳುತ್ತಾರೆ. ಹೀಗೆ ನೂರೈವತ್ತು ವರುಷಗಳಿಗಿಂತ ಹೆಚ್ಚು ಕಾಲ ಹೋಯಿತು. ಅಜ್ಜಿಯಿಂದ ಮೊಮ್ಮಗನಿಗೆ, ಆ ಮೊಮ್ಮಗನಿಂದ ಅವನ ಮೊಮ್ಮಗನಿಗೆ. ಅವರಿಗೆ ಬೋಧಕನಿಲ್ಲ, ದೇವಾಲಯವಿಲ್ಲ, ಪಾತ್ರೆಯೂ ಇಲ್ಲ.

1781ನೆಯ ಅಕ್ಟೋಬರ 13ರಲ್ಲಿ ಚಕ್ರವರ್ತಿಯಾದ ಎರಡನೆಯ ಯೋಸೇಫನು ಸಹಿಷ್ಣುತೆಯ ಶಾಸನವನ್ನು ಹೊರಡಿಸಿದನು. 100 ಕುಟುಂಬಗಳಾಗಲಿ 500 ಮಂದಿಯಾಗಲಿ ಇರುವಲ್ಲಿ ಪ್ರಾರ್ಥನಾಲಯವನ್ನು ಕಟ್ಟಬಹುದು; ಆದರೆ ಗೋಪುರವಿರಬಾರದು, ಗಂಟೆಯಿರಬಾರದು, ಬೀದಿಯ ಕಡೆಗೆ ಬಾಗಿಲಿರಬಾರದು. ಹತ್ತಾರು ಸಾವಿರ ಜನರು ಎದ್ದು ಬಂದು ತಮ್ಮ ಹೆಸರುಗಳನ್ನು ಬರೆಯಿಸಿದರು! ದೇಶದಲ್ಲಿ ಅವರಿಗೆ ಬೋಧಕರಿರಲಿಲ್ಲವಾದ್ದರಿಂದ ಹಂಗೆರಿ ರಾಜ್ಯದಿಂದ ಬೋಧಕರು ಬಂದರು. ಅವರಲ್ಲಿ ಅನೇಕರಿಗೆ ಚೆಕ್ ಭಾಷೆಯೇ ಸರಿಯಾಗಿ ಬರುತ್ತಿರಲಿಲ್ಲ. ಜನರ ನಡುವೆ ಇದ್ದು ಕಲಿತುಕೊಂಡರು. ಆ ಸಭೆಗಳು ಪರದೇಶದವರ ಕೈಯಿಂದ ಪಾತ್ರೆಯನ್ನು ಪಡೆದವು. ಆದಕಾರಣ ಇಂದು ಪರದೇಶದವಳ ಕೈಯಿಂದ ಪಾತ್ರೆಯನ್ನು ತೆಗೆದುಕೊಳ್ಳುವದು ಆ ಮುದುಕನಿಗೆ ವಿಚಿತ್ರವಾಗಿ ಕಾಣಲಿಲ್ಲ.

ಆಮೇಲೆ 1861ರಲ್ಲಿ ಅವರಿಗೆ ಇತರರೊಂದಿಗೆ ಸಮಾನವಾದ ಹಕ್ಕು ದೊರಕಿತು. 1918ರ ದಶಂಬರದಲ್ಲಿ ಲುಥರ ಪಕ್ಷದವರೂ ರಿಫಾರ್ಮ್ಡ್ ಪಕ್ಷದವರೂ ಒಂದಾಗಿ ಚೆಕ್ ಸಹೋದರರ ಸುವಾರ್ತಾ ಸಭೆಯಾದರು. 1948ರಿಂದ 1989ರ ವರೆಗೆ ದೇವರನ್ನು ಒಪ್ಪದ ಸರಕಾರವು ಅಲ್ಲಿ ಆಳಿತು. ಸರಕಾರದ ಅನುಮತಿಯಿಲ್ಲದೆ ಬೋಧಕನು ಸೇವೆ ಮಾಡುವ ಹಾಗಿರಲಿಲ್ಲ. ಈಗ ಯಾರ ಅಡ್ಡಿಯೂ ಇಲ್ಲ, ಆದರೆ ಜನರೇ ಕಡಿಮೆ. 2021ರ ಜನಗಣತಿಯಲ್ಲಿ ಆ ಸಭೆಯವರೆಂದು ಬರೆಯಿಸಿದವರು ಸುಮಾರು 32,000 ಮಂದಿ ಮಾತ್ರ.

3. ನಮಗೆ ಬರುವ ಬುದ್ಧಿ

ಪ್ರಿಯರೇ, ಈ ವೃತ್ತಾಂತವನ್ನು ಕೇಳಿ, ಬಿಳಿಯರು ಒಳ್ಳೆಯವರು, ನಾವು ಕೆಟ್ಟವರು ಎಂದು ಹೇಳಿಕೊಂಡರೆ ಪ್ರಯೋಜನವಿಲ್ಲ. ಅವರ ಪಿತೃಗಳು ಪಾತ್ರೆಯ ಹೆಸರಿನಲ್ಲಿ ಒಬ್ಬರನ್ನೊಬ್ಬರು ಕೊಂದದ್ದನ್ನು ಕೇಳಿದಿರಲ್ಲಾ. ದೇಶವು ಯಾವದಾದರೂ ಮನುಷ್ಯನ ಹೃದಯವು ಒಂದೇ. ನಾವು ಕೇಳಬೇಕಾದದ್ದು, ನಮ್ಮ ಮೇಜು ಕೊರಿಂಥದ ಮೇಜೋ, ಕರ್ತನ ಮೇಜೋ ಎಂಬದೇ.

ಮೊದಲನೆಯದಾಗಿ, ಒಬ್ಬರಿಗಾಗಿ ಒಬ್ಬರು ಕಾದುಕೊಳ್ಳೋಣ. ದೀಕ್ಷಾಸ್ನಾನದ ದಿವಸದಲ್ಲಿ ನಾವು ಜಾತಿಯನ್ನು ಬಿಟ್ಟೆವೆಂದು ಸಭೆಯ ಮುಂದೆ ಹೇಳಿದೆವು. ನೀರಿನಲ್ಲಿ ಬಿಟ್ಟದ್ದನ್ನು ಮೇಜಿನ ಬಳಿಯಲ್ಲಿ ತಿರಿಗಿ ಎತ್ತಿಕೊಳ್ಳುತ್ತೇವೋ? ನಿಮ್ಮ ಸಭೆಯಲ್ಲಿ ಬಾಗಿಲ ಬಳಿ ಕುಳಿತುಕೊಳ್ಳುವವರು ಯಾರು? ಅವರು ಪ್ರತಿ ಸಾರಿಯೂ ಅಲ್ಲಿಯೇ ಯಾಕೆ ಕುಳಿತುಕೊಳ್ಳುತ್ತಾರೆ? ಇತ್ತೀಚೆಗೆ ಅನೇಕ ಸಭೆಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಚಿಕ್ಕ ಬಟ್ಟಲನ್ನು ಕೊಡುತ್ತಾರೆ. ಆರೋಗ್ಯದ ನಿಮಿತ್ತ ಅದನ್ನು ಮಾಡಿದರೆ ದೋಷವಿಲ್ಲ. ಕರ್ತನು ಲೋಹದ ಪಾತ್ರೆಯನ್ನು ನೋಡುವವನಲ್ಲ. ಆದರೆ ಇಂಥವರು ಮುಟ್ಟಿದ್ದನ್ನು ನಾನು ಮುಟ್ಟಲಾರೆನೆಂಬ ಹಳೇ ಅಸಹ್ಯವನ್ನು ಮುಚ್ಚಿಡುವದಕ್ಕಾಗಿ ಅದನ್ನು ಮಾಡಿದರೆ, ಬಟ್ಟಲುಗಳನ್ನು ಎಷ್ಟು ತೊಳೆದರೂ ಅವು ಶುದ್ಧವಾಗಲಾರವು. ಮೇಜಿನ ಬಳಿಗೆ ಬಾರದೆ ನಿಂತುಹೋದ ಆ ತಾಯಿಯನ್ನು ನೆನಸಿರಿ. ಅವಳಂಥವರು ನಿಮ್ಮ ಊರಿನಲ್ಲಿ ಇದ್ದರೆ, ಅವರು ಬದುಕಿರುವಾಗಲೇ ಅವರ ಮನೆಗೆ ಹೋಗಿರಿ. ಆ ದಿವಸ ಎದ್ದು ಹೋದವರಿಗಿಂತಲೂ, ನೋಡಿ ಸುಮ್ಮನೆ ಕುಳಿತವರ ಸಂಖ್ಯೆಯು ಹೆಚ್ಚಾಗಿತ್ತೆಂಬದನ್ನು ಮರೆಯಬೇಡಿರಿ. ಹಿರಿಯರೇ, ಸಭಾಪಾಲಕರೇ, ಈ ಮಾತು ಮೊದಲು ನಮಗೆ ಸಲ್ಲುತ್ತದೆ.

ಎರಡನೆಯದಾಗಿ, ಸಭೆ ಚಿಕ್ಕದೆಂದು ಅಧೈರ್ಯಪಡದಿರೋಣ. ಹತ್ತು ಮನೆಗಳ ಸಭೆಯು ಸಭೆಯೋ ಎಂದು ಅಂಗಡಿಯ ಕಟ್ಟೆಯಲ್ಲಿ ನಮ್ಮನ್ನು ಹಾಸ್ಯಮಾಡುವವರುಂಟು. ಚಿಕ್ಕ ಹಿಂಡಿಗೆ ಭಯಬೇಡವೆಂದೂ ರಾಜ್ಯವನ್ನು ಕೊಡುವದೇ ತಂದೆಯ ಇಷ್ಟವೆಂದೂ ಕರ್ತನು ಲೂಕ 12:32ರಲ್ಲಿ ಹೇಳಿದ್ದಾನೆ. ಬೋಧಕನಿಲ್ಲದೆ ನೂರೈವತ್ತು ವರುಷ ವಿಶ್ವಾಸವನ್ನು ಕಾಪಾಡಿದವರು ಪಂಡಿತರಲ್ಲ, ನಿಮ್ಮಂತೆ ಹೊಲದಲ್ಲಿ ದುಡಿಯುವವರು. ಮನೆಯಲ್ಲಿ ದೀಪ ಹಚ್ಚಿ ಮಕ್ಕಳಿಗೆ ಒಂದು ಅಧ್ಯಾಯವನ್ನು ಓದಿ ಹೇಳುವ ತಾಯಿಯು ಎಂಥಾ ಕೆಲಸ ಮಾಡುತ್ತಾಳೆಂಬದು ಈ ಚರಿತ್ರೆಯಿಂದ ತೋರುತ್ತದೆ. ಅವರಿಗೆ ಪುಸ್ತಕವನ್ನು ಇಟ್ಟುಕೊಂಡರೆ ಸೆರೆಮನೆ. ನಮಗೆ ಕಪಾಟಿನಲ್ಲಿಯೇ ಇದೆ, ತೆರೆಯುವದಷ್ಟೇ ಬಾಕಿ.

ಮೂರನೆಯದಾಗಿ, ಪರದೇಶಿಯನ್ನು ಮೊದಲನೆಯ ಆದಿತ್ಯವಾರದಲ್ಲಿಯೇ ಸೇರಿಸಿಕೊಳ್ಳೋಣ. ಆ ಕುಟುಂಬದವರು ಆರಾಧನೆಯಾದ ಮೇಲೆ ಕಾಫಿಗಾಗಿ ಕುಳಿತಿರುವಾಗ, ಒಂದು ಕನ್ನಡ ಸಂಗೀತವನ್ನು ಹಾಡಿರೆಂದು ಸಭೆಯವರು ಕೇಳಿಕೊಂಡರಂತೆ. ಮಕ್ಕಳು ಹಾಡಿದರು. ಅರ್ಥವಾಗದಿದ್ದರೂ ಮುದುಕಿಯರು ಕಣ್ಣೊರಸಿಕೊಂಡರು. ತಮ್ಮ ದೇವಾಲಯದಲ್ಲಿ ಮಕ್ಕಳ ಧ್ವನಿಯು ಅಪರೂಪವಾಗಿದೆಯೆಂದು ಹೇಳಿದರು. ಅತಿಥಿಗಳು ಪಡೆದುಕೊಳ್ಳುವದಕ್ಕೆ ಮಾತ್ರ ಬರುವದಿಲ್ಲ, ಕೊಡುವದಕ್ಕೂ ಬರುತ್ತಾರೆ. ರೋಮಾಪುರದವರಿಗೆ ಬರೆಯುವಾಗ ಪೌಲನು ತಾನು ಅವರನ್ನು ಬಲಪಡಿಸುವದಲ್ಲದೆ ಅವರಿಂದ ತಾನೂ ಧೈರ್ಯ ಹೊಂದಬೇಕೆಂದು ಆಶಿಸಿದನಲ್ಲವೇ?

ನಮ್ಮ ಊರುಗಳಿಗೂ ಪರದೇಶಿಗಳು ಬರುತ್ತಾರೆ. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಿಗೆ ಅಸ್ಸಾಮ್, ಝಾರ್ಖಂಡ ಮೊದಲಾದ ಸೀಮೆಗಳಿಂದ ಕೂಲಿಯ ಜನರು ಬಂದಿದ್ದಾರೆ. ಅವರಲ್ಲಿ ಕ್ರಿಸ್ತನ ಹೆಸರನ್ನು ಹೇಳುವವರೂ ಉಂಟು. ಭಾಷೆ ಬೇರೆ, ಬಟ್ಟೆ ಮಾಸಿದ್ದು, ನಾಳೆ ಎಲ್ಲಿರುವರೋ ತಿಳಿಯದು. ಅಂಥವರು ಬಾಗಿಲಲ್ಲಿ ಬಂದು ನಿಂತರೆ ನಾವು ತಿರುಗಿ ನೋಡಿ ಸುಮ್ಮನೆ ಹಾಡುತ್ತಿರುವೆವೋ, ಇಲ್ಲವೆ ಎದ್ದು ಹೋಗಿ ಕೈಹಿಡಿದು ಕರೆತರುವೆವೋ? ಆ ಹಳ್ಳಿಯ ಮುದುಕಿಗೆ ಇಂಗ್ಲಿಷೂ ಬಾರದು, ಕನ್ನಡವೂ ಬಾರದು. ಕೈಹಿಡಿಯುವದಕ್ಕೆ ಅವಳಿಗೆ ಯಾವ ಭಾಷೆಯೂ ಬೇಕಾಗಲಿಲ್ಲ.

ಮುಂದಿನ ಭೋಜನದ ಆದಿತ್ಯವಾರವು ನಿಮ್ಮ ಸಭೆಯಲ್ಲಿ ಯಾವಾಗ ಬರುವದೋ, ಅದಕ್ಕೆ ಮುಂಚೆ ಶನಿವಾರದಲ್ಲಿ ಪ್ರತಿಯೊಬ್ಬನು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಲಿ. ನಾನು ಯಾರ ನಂತರ ಕುಡಿಯಲಾರೆನೆಂದು ಎಣಿಸುತ್ತೇನೋ, ಆ ಮನುಷ್ಯನ ಹೆಸರನ್ನು ದೇವರ ಮುಂದೆ ಹೇಳಲಿ. ಮಾರನೆಯ ಬೆಳಿಗ್ಗೆ ಅವನ ಪಕ್ಕಕ್ಕೆ ಹೋಗಿ ನಿಲ್ಲಲಿ.

ನಾವು ಪ್ರಾರ್ಥಿಸೋಣ: ಕರ್ತನಾದ ಯೇಸುವೇ, ನೀನು ನಮ್ಮೆಲ್ಲರಿಗಾಗಿ ಒಂದೇ ರಕ್ತವನ್ನು ಸುರಿಸಿದಿ. ನಾವು ನಿನ್ನ ಮೇಜಿನ ಬಳಿಯಲ್ಲಿ ಎಬ್ಬಿಸಿದ ಗೋಡೆಗಳನ್ನು ನೀನೇ ಕೆಡವಿಬಿಡು. ನಾಚಿಕೆಯಿಂದ ಹಿಂದೆ ಸರಿದವರನ್ನು ತಿರಿಗಿ ಕರೆದುಕೊಂಡು ಬಾ. ದೂರದೇಶದ ಚಿಕ್ಕ ಸಭೆಗಳನ್ನೂ ನಮ್ಮ ಹಳ್ಳಿಯ ಚಿಕ್ಕ ಸಭೆಗಳನ್ನೂ ನಿನ್ನ ಕೈಯಲ್ಲಿ ಕಾಪಾಡಿ, ಪೂರ್ವಪಶ್ಚಿಮಗಳಿಂದ ಬರುವವರೆಲ್ಲರೊಡನೆ ನಿನ್ನ ರಾಜ್ಯದ ಭೋಜನಕ್ಕೆ ನಮ್ಮನ್ನು ಸೇರಿಸು. ಆಮೆನ್.